ಮನೆ ಕಟ್ಟುವವರ ಪ್ರಶ್ನೆಗಳು: ಮೆಟ್ಟಿಲು, ಲ್ಯಾಂಡಿಂಗ್, ರೇಲಿಂಗ್

ಈ ಸಂಚಿಕೆಯನ್ನು ಪೂರ್ತಿಯಾಗಿ ಮೆಟ್ಟಿಲಿನ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ. ಉತ್ತರಗಳಲ್ಲಿ ‘ಸಂಹಿತೆ’ ಎಂದು ಬಂದ ಕಡೆಯೆಲ್ಲ ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂದು ಓದಿಕೊಳ್ಳಿ. ಅದು ಮೊದಲು ಬಂದದ್ದು 1970ರಲ್ಲಿ; ಆಮೇಲೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಯಾಯಿತು. ಸಂಹಿತೆ ತಾನಾಗಿಯೇ ಕಾನೂನಲ್ಲ. ನಿಮ್ಮ ಪಾಲಿಕೆ ಅಥವಾ ಪುರಸಭೆಯ ಕಟ್ಟಡ ಬೈಲಾ ಅದನ್ನು ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದೆಯೋ ಅಷ್ಟು ಕಡ್ಡಾಯ. ಹಳೆಯ ಬೈಲಾದಲ್ಲಿ ಒಂದು ಅಂಕಿ, ಹೊಸ ಸಂಹಿತೆಯಲ್ಲಿ ಇನ್ನೊಂದು ಅಂಕಿ ಇದ್ದರೆ ಬಿಗಿಯಾದದ್ದನ್ನೇ ಹಿಡಿಯಿರಿ. ಮೆಟ್ಟಿಲನ್ನು ಆಮೇಲೆ ಒಡೆದು ಸರಿಪಡಿಸುವುದು ಗೋಡೆ ಒಡೆದಷ್ಟು ಸುಲಭವಲ್ಲ.

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೆಟ್ಟಿಲಿಗೆ 7 ಅಡಿ ಅಗಲ, 12 ಅಡಿ ಉದ್ದದ ಜಾಗ ಬಿಟ್ಟಿದ್ದೇವೆ. ಒಳಗಿನ ಎತ್ತರ 10 ಅಡಿ. ‘ಏಳಿಂಚಿನ ಮೆಟ್ಟಿಲು ಹಾಕೋಣ, 17 ಬರುತ್ತೆ’ ಎನ್ನುತ್ತಾರೆ ಮೇಸ್ತ್ರಿ. ಸರಿಯೇ? (ತುಮಕೂರು)

ಲೆಕ್ಕ ಶುರುವಾಗಬೇಕಾದದ್ದು ಏಳಿಂಚಿನಿಂದ ಅಲ್ಲ, ಒಟ್ಟು ಎತ್ತರದಿಂದ. ಒಳಗಿನ ಎತ್ತರ 10 ಅಡಿ ಇದ್ದರೆ ಹತ್ತಬೇಕಾದ ಎತ್ತರ 10 ಅಡಿಯಲ್ಲ. ಮೋಲ್ಡಿನ ದಪ್ಪ 5 ಇಂಚು ಸೇರಿ 10 ಅಡಿ 5 ಇಂಚು, ಅಂದರೆ 3175 ಮಿ.ಮೀ. ಕೆಳಗಿನ ನೆಲದ ಟೈಲ್ಸ್ ಮೇಲ್ಮೈಯಿಂದ ಮೇಲಿನ ನೆಲದ ಟೈಲ್ಸ್ ಮೇಲ್ಮೈವರೆಗಿನ ಅಳತೆ ಇದು. ಏಳಿಂಚನ್ನು 178 ಮಿ.ಮೀ. ಎಂದಿಟ್ಟುಕೊಂಡರೆ 17 ಮೆಟ್ಟಿಲಿಗೆ 3026 ಮಿ.ಮೀ. ಆಗುತ್ತದೆ. ಉಳಿದ 149 ಮಿ.ಮೀ. ಎಲ್ಲಿ ಹೋಗಬೇಕು? ಕೊನೆಯಲ್ಲಿ ಮೋಟು ಮೆಟ್ಟಿಲೊಂದಾಗಿ ಕೂರುತ್ತದೆ, ಇಲ್ಲವೇ ಮೇಸ್ತ್ರಿ ಅದನ್ನು ಕಣ್ಣಳತೆಯಲ್ಲಿ ಅಲ್ಲಲ್ಲಿ ಹಂಚುತ್ತಾರೆ. ಮೆಟ್ಟಿಲಿನಲ್ಲಿ ಜನ ಎಡವುವುದು ಬಹುಪಾಲು ಇಂಥ ಜಾಗದಲ್ಲೇ. ಮೊದಲ ಎರಡು ಮೆಟ್ಟಿಲು ಏರುವಷ್ಟರಲ್ಲಿ ಕಾಲು ಆ ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ಯಾರೂ ನೋಡಿ ಹತ್ತುವುದಿಲ್ಲ. ಒಂದು ಮೆಟ್ಟಿಲು ಅರ್ಧ ಇಂಚು ಹೆಚ್ಚಿದ್ದರೂ ಹೆಬ್ಬೆರಳು ತಾಗುತ್ತದೆ. ಇಳಿಯುವಾಗ ಅದೇ ಅರ್ಧ ಇಂಚು ಮುಗ್ಗರಿಸುವಂತೆ ಮಾಡುತ್ತದೆ.

ಹಾಗಾಗಿ ಒಟ್ಟು ಎತ್ತರವನ್ನು ಪೂರ್ಣ ಸಂಖ್ಯೆಯಿಂದಲೇ ಭಾಗಿಸಿ. 18ರಿಂದ ಭಾಗಿಸಿದರೆ 176.4 ಮಿ.ಮೀ., 20ರಿಂದ 158.75 ಮಿ.ಮೀ. ವಾಸದ ಮನೆಗೆ ರೈಸರ್, ಅಂದರೆ ಮೆಟ್ಟಿಲಿನ ಎತ್ತರ, 190 ಮಿ.ಮೀ. ಮೀರಬಾರದು, ಕಾಲಿಡುವ ಟ್ರೆಡ್ಡಿನ ಅಗಲ ನೋಸಿಂಗ್ (ಮುಂದಕ್ಕೆ ಚಾಚಿದ ಅಂಚು) ಬಿಟ್ಟು 250 ಮಿ.ಮೀ.ಗೆ ಕಡಿಮೆ ಇರಬಾರದು ಎಂಬುದು 2005ರ ಸಂಹಿತೆಯ ಮಿತಿ. ಒಂದು ಓಟದಲ್ಲಿ, ಅಂದರೆ ಲ್ಯಾಂಡಿಂಗ್ (ನಡುವೆ ನಿಂತು ತಿರುಗುವ ಸಮತಟ್ಟು ಜಾಗ) ಸಿಗುವವರೆಗೆ, 15 ರೈಸರ್ ಮೀರಬಾರದು ಎಂದೂ ಅಲ್ಲಿತ್ತು; 2016ರಲ್ಲಿ ಅದು 12ಕ್ಕೆ ಇಳಿದಿದೆ. 190 ಮತ್ತು 250 ಎಂಬವು ಕೊನೆಯ ಮಿತಿಗಳು, ಮಾದರಿಗಳಲ್ಲ. ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿದರೆ 600ರಿಂದ 640 ಮಿ.ಮೀ. ಆಸುಪಾಸು ಬಂದರೆ ಹೆಜ್ಜೆಗೆ ಹಿತ.

ನಿಮ್ಮ ಜಾಗದಲ್ಲಿ 18 ರೈಸರ್ ಚೆನ್ನಾಗಿ ಕೂರುತ್ತದೆ. ಕೆಳಗಿನ ಓಟಕ್ಕೆ 9, ಮೇಲಿನದಕ್ಕೆ 9. ಪ್ರತಿ ಓಟದಲ್ಲಿ ಟ್ರೆಡ್ 8 ಮಾತ್ರ, ಏಕೆಂದರೆ ಒಂಬತ್ತನೆಯ ಹೆಜ್ಜೆ ಲ್ಯಾಂಡಿಂಗ್ ಮೇಲೆಯೇ ಬೀಳುತ್ತದೆ. ಟ್ರೆಡ್ 270 ಇಟ್ಟರೆ ಓಟದ ಉದ್ದ 2160 ಮಿ.ಮೀ. ಲ್ಯಾಂಡಿಂಗ್ 1000 ಮಿ.ಮೀ. ಸೇರಿ 3160. ನಿಮ್ಮಲ್ಲಿರುವುದು 3660, ಬುಡದಲ್ಲಿ ಇನ್ನೂ ಅರ್ಧ ಮೀಟರ್ ಉಳಿಯುತ್ತದೆ. ಎರಡು ರೈಸರ್ ಒಂದು ಟ್ರೆಡ್ ಕೂಡಿದರೆ 623. ಮನೆಯಲ್ಲಿ ಮಂಡಿನೋವಿನವರಿದ್ದು, ಮೆಟ್ಟಿಲಿನ ಬುಡ ಹಾಲಿಗೆ ತೆರೆದುಕೊಂಡಿದ್ದರೆ 20 ರೈಸರ್ ಮಾಡಿ: ಟ್ರೆಡ್ 9, ಓಟ 2430. ಏರುವುದು ಇನ್ನಷ್ಟು ಸಲೀಸು.

ಅಗಲದಲ್ಲಿ ಮಾತ್ರ ನಿಮಗೆ ಬಿಗಿ. ವಾಸದ ಮನೆಗೆ ಮೆಟ್ಟಿಲಿನ ಕನಿಷ್ಠ ಅಗಲ 1 ಮೀಟರ್. 7 ಅಡಿ ಎಂದರೆ 2134 ಮಿ.ಮೀ.; ಎರಡು ಕಡೆಯ ಗಾರೆಗೆ 24 ಹೋದರೆ 2110. ಎರಡು ಓಟಗಳಿಗೆ 2000 ಕೊಟ್ಟರೆ ನಡುವಿನ ಸಂದಿಗೆ 110 ಉಳಿಯುತ್ತದೆ. ರೇಲಿಂಗ್ ಕಂಬಗಳನ್ನು ಟ್ರೆಡ್ ಮೇಲೆ ನಿಲ್ಲಿಸಿದರೆ ಪ್ರತಿ ಓಟದಲ್ಲೂ ಎರಡು ಮೂರು ಇಂಚು ತಿಂದುಹಾಕುತ್ತವೆ, 1 ಮೀಟರ್ ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಕಂಬಗಳನ್ನು ಸಂದಿಯ ಕಡೆಯ ಪಕ್ಕಕ್ಕೆ ಕೂರಿಸಿ, ಅಥವಾ ಗೋಡೆ ಏಳುವ ಮುನ್ನವೇ ಜಾಗವನ್ನು 7 ಅಡಿ 4 ಇಂಚಿಗೆ ಹಿಗ್ಗಿಸಿ. ಲ್ಯಾಂಡಿಂಗಿನ ಆಳ ಓಟದ ಅಗಲಕ್ಕಿಂತ ಕಡಿಮೆಯಾಗದಿರಲಿ. ಕಡಿಮೆಯಾದರೆ ಬೀರು, ಮಂಚ ತಿರುಗುವುದಿಲ್ಲ. ಸ್ಟ್ರೆಚರಂತೂ ತಿರುಗುವುದೇ ಇಲ್ಲ.

ಪ್ರಶ್ನೆ: ಮೆಟ್ಟಿಲುಗಳು ಬೆಸಸಂಖ್ಯೆಯಲ್ಲೇ ಇರಬೇಕು, ‘ಲಾಭ, ನಷ್ಟ’ ಎಣಿಸುತ್ತಾ ಹೋದರೆ ಕೊನೆಯದು ಲಾಭಕ್ಕೇ ಬರಬೇಕು ಎಂದು ಹಿರಿಯರ ಹಟ. ಇಂಜಿನಿಯರ್ 18 ಬರೆದಿದ್ದಾರೆ. (ದಾವಣಗೆರೆ)

ಹಿರಿಯರ ಮನಸ್ಸಿಗೂ ಸಂಹಿತೆಗೂ ಇಲ್ಲಿ ಜಗಳವಿಲ್ಲ. 3175 ಮಿ.ಮೀ. ಎತ್ತರವನ್ನು 19ರಿಂದ ಭಾಗಿಸಿದರೆ 167 ಮಿ.ಮೀ. ಬರುತ್ತದೆ, ಇದು 18ಕ್ಕಿಂತ ಒಳ್ಳೆಯ ಮೆಟ್ಟಿಲೇ. ಕೆಳಗಿನ ಓಟಕ್ಕೆ 10, ಮೇಲಿನದಕ್ಕೆ 9 ಹಾಕಿಸಿ. ಕೆಳಗಿನ ಓಟ ಒಂದು ಟ್ರೆಡ್ಡಿನಷ್ಟು ಮುಂದಕ್ಕೆ ಬರುತ್ತದೆ, ಅಷ್ಟೇ. ಮಾಡಬಾರದ್ದು ಒಂದೇ: 18 ಕಟ್ಟಿ ಮುಗಿದ ಮೇಲೆ ಬುಡದಲ್ಲಿ ಮೂರಿಂಚಿನ ಕಲ್ಲೊಂದನ್ನು ಇಟ್ಟು 19 ಮಾಡುವುದು. ಆ ಕಲ್ಲು ಇಳಿದು ಬರುವವರ ಕೊನೆಯ ಹೆಜ್ಜೆಗೆ ಸಿಗುತ್ತದೆ. ಕೈಯಲ್ಲಿ ಕೊಡವೋ ಮಗುವೋ ಇದ್ದಾಗ ಕಣ್ಣಿಗೆ ಬೀಳುವುದಿಲ್ಲ. ಎಣಿಕೆಯನ್ನು ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಕಟ್ಟುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಿ.

ಪ್ರಶ್ನೆ: ಜಾಗ ಸಾಲದೆಂದು ಲ್ಯಾಂಡಿಂಗಿನಲ್ಲೇ ಮೂಲೆ ತಿರುಗುವ ಮೂರು ಮೆಟ್ಟಿಲು ಹಾಕಬಹುದೇ? (ಹುಬ್ಬಳ್ಳಿ)

ಬೇಡ. ಚೌಕದ ಮೂಲೆಯನ್ನು ಮೂರು ಪಾಲು ಮಾಡಿದರೆ ಪ್ರತಿ ಮೆಟ್ಟಿಲಿಗೆ 30 ಡಿಗ್ರಿ. ಒಳಮೂಲೆಯಿಂದ 300 ಮಿ.ಮೀ. ದೂರದಲ್ಲಿ, ಅಂದರೆ ರೇಲಿಂಗ್ ಹಿಡಿದು ನಡೆಯುವವರ ಕಾಲು ಬೀಳುವ ಕಡೆ, ಟ್ರೆಡ್ ಸಿಗುವುದು 157 ಮಿ.ಮೀ. ಮಾತ್ರ. ದೊಡ್ಡವರ ಅರ್ಧ ಪಾದ ಗಾಳಿಯಲ್ಲಿರುತ್ತದೆ. ಇನ್ನೂ ಒಳಗೆ ಹೋದರೆ ಟ್ರೆಡ್ ಸೊನ್ನೆ. ಹೊರಗೋಡೆ ಹಿಡಿದು ನಡೆದರೆ ಸರಿ ಎನ್ನಬಹುದು, ಆದರೆ ರೇಲಿಂಗ್ ಇರುವುದು ಒಳಗಡೆ. ಬಿದ್ದರೆ ತಡೆಯಲು ಲ್ಯಾಂಡಿಂಗೂ ಇಲ್ಲ. ಜಾಗ ಉಳಿಸಲೇಬೇಕಾದರೆ ಟ್ರೆಡ್ಡನ್ನು 270ರಿಂದ 250ಕ್ಕೆ ತನ್ನಿ: ಎಂಟು ಟ್ರೆಡ್ಡಿಗೆ 160 ಮಿ.ಮೀ. ಉಳಿಯಿತು.

ಪ್ರಶ್ನೆ: ಮನೆ ಮುಗಿದಿದೆ. ಮೊದಲ ಮೆಟ್ಟಿಲು ತಗ್ಗು, ಕೊನೆಯದು ಎತ್ತರ; ನಡುವಿನವೆಲ್ಲ ಸಮ. ಕಾಂಕ್ರೀಟ್ ಹಾಕಿದಾಗ ಎಲ್ಲ ಸಮವಾಗೇ ಇತ್ತು. ಹೀಗೇಕಾಯಿತು? ಸರಿಮಾಡಲು ಆಗುತ್ತದೆಯೇ? (ಹಾಸನ)

ನೆಲದ ಹಾಸಿನ ದಪ್ಪವೂ ಮೆಟ್ಟಿಲಿನ ಹಾಸಿನ ದಪ್ಪವೂ ಬೇರೆಯಾದದ್ದೇ ಕಾರಣ. ಒಂದು ಉದಾಹರಣೆ ನೋಡಿ. ಕಾಂಕ್ರೀಟಿನಲ್ಲಿ ಎಲ್ಲ ರೈಸರ್ 170. ನೆಲಕ್ಕೆ ಬೆಡ್ ಮತ್ತು ಟೈಲ್ಸ್ ಸೇರಿ 75 ಮಿ.ಮೀ. ಬಂತು, ಮೆಟ್ಟಿಲಿಗೆ ಗಾರೆ ಮತ್ತು ಗ್ರಾನೈಟ್ ಸೇರಿ 40 ಮಾತ್ರ. ಮೊದಲ ರೈಸರ್ 170ಕ್ಕೆ 40 ಕೂಡಿ 75 ಕಳೆದರೆ 135. ಕೊನೆಯದು 170ಕ್ಕೆ 75 ಕೂಡಿ 40 ಕಳೆದರೆ 205, 190ರ ಮಿತಿಯನ್ನೂ ದಾಟಿತು. ನಡುವಿನವು 170ರಲ್ಲೇ ಉಳಿದವು.

ಈಗ ಕಟ್ಟಿಸುತ್ತಿರುವವರು ಸೆಂಟ್ರಿಂಗಿನವರಿಗೆ ಕೊಡಬೇಕಾದ ಅಳತೆ ಇದೇ ಲೆಕ್ಕದಿಂದ ಬರುತ್ತದೆ. ಎರಡು ಹಾಸಿನ ವ್ಯತ್ಯಾಸ 35 ಇದ್ದರೆ ಕಾಂಕ್ರೀಟಿನ ಮೊದಲ ರೈಸರ್ 205, ಕೊನೆಯದು 135, ನಡುವಿನವು 170. ಕಾಂಕ್ರೀಟ್ ಹಾಕಿದ ದಿನ ತಪ್ಪಾಗಿ ಕಾಣುವ ಮೆಟ್ಟಿಲು ಗ್ರಾನೈಟ್ ಕೂತ ದಿನ ಸರಿಯಾಗುತ್ತದೆ. ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು, ಪಕ್ಕದ ಗೋಡೆಯ ಮೇಲೆ ಹಾಸು ಮುಗಿದ ಮಟ್ಟವನ್ನೇ ಬಣ್ಣದಲ್ಲಿ ಗುರುತು ಹಾಕಿಸಿ.

ನಿಮ್ಮ ಮನೆಗೂ ದಾರಿಯಿದೆ. ಗ್ರಾನೈಟ್ ಎಬ್ಬಿಸಿ, ಲ್ಯಾಂಡಿಂಗನ್ನೂ ಸೇರಿಸಿ ಎಲ್ಲ ಟ್ರೆಡ್‌ಗಳನ್ನು ಆ ವ್ಯತ್ಯಾಸದಷ್ಟು, ಈ ಉದಾಹರಣೆಯಲ್ಲಿ 35 ಮಿ.ಮೀ., ಒಂದೇ ಸಮ ಏರಿಸಿ ಮತ್ತೆ ಕೂರಿಸಬೇಕು. ಆಗ ಮೊದಲನೆಯದೂ ಕೊನೆಯದೂ 170ಕ್ಕೆ ಬರುತ್ತವೆ, ನಡುವಿನವು ಬದಲಾಗುವುದಿಲ್ಲ. ಲ್ಯಾಂಡಿಂಗ್ ಬಿಟ್ಟು ಮೆಟ್ಟಿಲು ಮಾತ್ರ ಏರಿಸಿದರೆ ತಪ್ಪು ಬುಡದಿಂದ ನಡುವಿಗೆ ಬರುತ್ತದೆ. 35 ಮಿ.ಮೀ. ಕಾಂಕ್ರೀಟಿನ ಹೊಸ ಪದರ ಚದರ ಮೀಟರಿಗೆ ಸುಮಾರು 84 ಕೆ.ಜಿ. ಭಾರ ಹಾಕುತ್ತದೆ. ಮನೆಯ ಮೆಟ್ಟಿಲಿನ ವಿನ್ಯಾಸದಲ್ಲಿ ಜನರ ಓಡಾಟಕ್ಕೆಂದು ಹಿಡಿಯುವ ಭಾರವೇ ಚದರ ಮೀಟರಿಗೆ ಸುಮಾರು 300 ಕೆ.ಜಿ. ಹಾಗಾಗಿ ವಿನ್ಯಾಸ ಮಾಡಿದ ಇಂಜಿನಿಯರ್ ಒಪ್ಪಿಗೆ ಇಲ್ಲದೆ ಕೈಹಾಕಬೇಡಿ. ರೇಲಿಂಗಿನ ಎತ್ತರವೂ ತಲೆಯ ಮೇಲಿನ ಜಾಗವೂ 35 ಮಿ.ಮೀ. ಕಡಿಮೆಯಾಗುತ್ತವೆ, ಅವನ್ನು ಮತ್ತೆ ಅಳೆಯಿರಿ.

ಪ್ರಶ್ನೆ: ಲ್ಯಾಂಡಿಂಗ್ ಸೇರುವಲ್ಲಿ ಕಂಬಿಗಳನ್ನು ಕತ್ತರಿಯಂತೆ ದಾಟಿಸಿ ಎಂದು ಡ್ರಾಯಿಂಗ್‌ನಲ್ಲಿದೆ. ‘ಒಂದೇ ಕಂಬಿ ಬಗ್ಗಿಸಿ ತಗೊಂಡು ಹೋಗ್ತೀನಿ, ಕಂಬಿ ಉಳಿಯುತ್ತೆ’ ಅಂತಾರೆ ಬಾರ್‌ಬೆಂಡರ್. (ಮಂಡ್ಯ)

ಡ್ರಾಯಿಂಗ್ ಸರಿ. ದಯವಿಟ್ಟು ಇದರಲ್ಲಿ ರಾಜಿಯಾಗಬೇಡಿ.

ಓರೆ ಚಪ್ಪಡಿಯ ಕೆಳಮೈಯಲ್ಲಿರುವ ಕಂಬಿ ಎಳೆತ ಹೊರುತ್ತದೆ. ಎಳೆದಾಗ ಯಾವ ಬಗ್ಗಿದ ಕಂಬಿಯೂ ನೇರವಾಗಲು ನೋಡುತ್ತದೆ. ಲ್ಯಾಂಡಿಂಗಿನಿಂದ ಮೇಲಕ್ಕೇರುವ ಓಟ ಶುರುವಾಗುವಲ್ಲಿ ಕೆಳಮೈಯ ಮೂಲೆ ಹೊರಗುಬ್ಬಿದೆ, ಅಲ್ಲಿ ಕೆಳಕಂಬಿ ಒಳಕ್ಕೇ ಒತ್ತುತ್ತದೆ, ತೊಂದರೆಯಿಲ್ಲ. ಕೆಳಗಿನಿಂದ ಬಂದ ಓಟ ಲ್ಯಾಂಡಿಂಗ್ ಸೇರುವಲ್ಲಿ ಕೆಳಮೈಯ ಮೂಲೆ ಒಳಸರಿದಿದೆ, ಅಲ್ಲಿಯೂ ಹಾಗೇ ಎಂದುಕೊಳ್ಳಬೇಡಿ. ಯಾವ ಮೂಲೆಯಲ್ಲಿ ಕಂಬಿಯ ಬಾಗಿನ ಒಳಮಗ್ಗುಲು ಚಪ್ಪಡಿಯ ಹೊರಗೆ, ಗಾಳಿಯ ಕಡೆಗೆ ತೆರೆದಿದೆಯೋ ಅಲ್ಲಿ ಅಪಾಯ. ಅಂಥ ಕಡೆ ನೇರವಾಗಲು ಹೊರಟ ಕಂಬಿ, ತನ್ನನ್ನು ಮುಚ್ಚಿರುವ 20 ಮಿ.ಮೀ. ಕಾಂಕ್ರೀಟನ್ನು (ಕವರ್) ಚೆಕ್ಕೆಯೆಬ್ಬಿಸಿ ಹೊರಬರುತ್ತದೆ. ಮೂಲೆಯುದ್ದಕ್ಕೂ ಕೂದಲೆಳೆಯಂಥ ಬಿರುಕು ಬಂದು, ಆಮೇಲೆ ಗಾರೆ ಉದುರುತ್ತದೆ. ಅದಕ್ಕೇ ಅಲ್ಲಿ ಓಟದ ಕಂಬಿಯನ್ನು ನೇರವಾಗಿ ಮುಂದೊಯ್ದು ಲ್ಯಾಂಡಿಂಗಿನ ಎದುರು ಮೈಗೆ ಹಿಡಿಸಬೇಕು, ಲ್ಯಾಂಡಿಂಗಿನ ಕಂಬಿಯನ್ನೂ ಹಾಗೆಯೇ ಓಟದೊಳಕ್ಕೆ ಒಯ್ಯಬೇಕು. ಎರಡೂ ದಾಟಿ ಕತ್ತರಿಯಾಗುತ್ತವೆ.

ದಾಟಿದ ಮೇಲೆ ಎಷ್ಟುದ್ದ ಬೇಕು? ಎಂ20 ದರ್ಜೆಯ ಕಾಂಕ್ರೀಟಿಗೆ ಫೆ500 ದರ್ಜೆಯ ಕಂಬಿಯಾದರೆ ವ್ಯಾಸದ 57 ಪಟ್ಟು. 10 ಮಿ.ಮೀ. ಕಂಬಿಗೆ 570, 12ಕ್ಕೆ 684 ಮಿ.ಮೀ. ಒಂದಡಿ ಬಿಟ್ಟು ಕತ್ತರಿಸಿದ ಕಂಬಿ ಇದ್ದೂ ಇಲ್ಲದಂತೆ. ಬಾರ್‌ಬೆಂಡರ್ ಉಳಿಸುತ್ತೇನೆಂಬ ಕಂಬಿ ಇಡೀ ಮೆಟ್ಟಿಲಿಗೆ ಕೆಲವೇ ಕೆ.ಜಿ. ಕಾಂಕ್ರೀಟಿನ ಹಿಂದಿನ ದಿನವೇ ಟೇಪು ಹಿಡಿದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಆಸರೆ ಬಿಚ್ಚುವ ಆತುರವೂ ಬೇಡ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ 4.5 ಮೀಟರ್ ತನಕದ ಚಪ್ಪಡಿಯ ಆಸರೆಗೆ ಕನಿಷ್ಠ 7 ದಿನ, ಅದಕ್ಕೂ ಉದ್ದವಾದರೆ 14 ದಿನ. ಪಿಪಿಸಿ (ಪೊಜೊಲಾನಾ ಬೆರೆಸಿದ) ಸಿಮೆಂಟ್ ಗಟ್ಟಿಯಾಗುವುದು ನಿಧಾನ, ಇನ್ನೂ ಕೆಲವು ದಿನ ಬಿಡಿ.

ಪ್ರಶ್ನೆ: ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಮಾಡಿಸಬಹುದೇ? (ಬೆಂಗಳೂರು)

ಸಮಪಾಲಿನ ಎರಡು ಓಟದ ಮೆಟ್ಟಿಲಾದರೆ ಆಗುವುದಿಲ್ಲ. ಲ್ಯಾಂಡಿಂಗ್ ನಡುಮಟ್ಟದಲ್ಲಿ, ಸುಮಾರು 1590 ಮಿ.ಮೀ. ಎತ್ತರದಲ್ಲಿರುತ್ತದೆ, ಚಪ್ಪಡಿ ಮತ್ತು ಹಾಸು ಕಳೆದರೆ ತಲೆಯ ಮೇಲೆ 1400 ಉಳಿದೀತು. ಟಾಯ್ಲೆಟ್ಟಿಗೆ ಬೇಕಾದ್ದು 2100, ಲ್ಯಾಂಡಿಂಗಿನ ಅಡಿ ಓಡಾಡುವ ದಾರಿಗೆ 2200. ನೆಲ ಇಳಿಸಿ ಎತ್ತರ ಗಳಿಸಬಹುದು ಎನ್ನುವವರಿದ್ದಾರೆ, ಆದರೆ ಅಷ್ಟು ತಗ್ಗಿನಿಂದ ರಸ್ತೆಯ ಒಳಚರಂಡಿ (ಯುಜಿಡಿ) ಚೇಂಬರಿಗೆ ಇಳಿಜಾರು ಸಿಗುವುದು ಕಷ್ಟ, ಮಳೆಗಾಲದಲ್ಲಿ ನೀರು ವಾಪಸ್ ಬರುತ್ತದೆ. ಪೊರಕೆ, ಬಕೆಟ್ ಇಡುವ ಗೂಡು ಮಾಡಿಕೊಳ್ಳಿ. ಯುಪಿಎಸ್ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಳೇ ಪೇಪರ್ ಮಾತ್ರ ಅಲ್ಲಿ ಬೇಡ: ಬೆಂಕಿ ಹೊತ್ತಿದರೆ ಮೇಲಿನವರು ಇಳಿಯುವ ಏಕೈಕ ದಾರಿಯೇ ಹೊಗೆಗೊಳವೆಯಾಗುತ್ತದೆ.

ಪ್ರಶ್ನೆ: ಸ್ಟೀಲ್ ರೇಲಿಂಗ್ ಹಾಕಿಸಬೇಕು. ಎತ್ತರ, ಸಂದಿ ಎಷ್ಟಿರಬೇಕು? ಪಕ್ಕದ ಮನೆಯದು ಎರಡೇ ವರ್ಷಕ್ಕೆ ಅಲ್ಲಾಡುತ್ತಿದೆ. (ಮಂಗಳೂರು)

ಎತ್ತರ 1000 ಮಿ.ಮೀ., ಟ್ರೆಡ್ಡಿನ ನಡುವಿನಿಂದ ಹಿಡಿಯ ನೆತ್ತಿಯವರೆಗೆ. ಹಳೆಯ ಸಂಹಿತೆಯಲ್ಲಿದ್ದ 900 ಈಗ ಸಾಲದು. ಬಾಲ್ಕನಿ, ತಾರಸಿ ಪ್ಯಾರಪೆಟ್ಟಿಗೂ 1 ಮೀಟರಿಗೆ ಕಡಿಮೆ ಬೇಡ. ನಿಲುಗಂಬಿಗಳ ನಡುವೆ 100 ಮಿ.ಮೀ. ಒಳಗೆ ಸಂದಿ ಇಡಿ. ಅದಕ್ಕಿಂತ ಅಗಲವಾದರೆ ಚಿಕ್ಕ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಅಡ್ಡ ಪೈಪುಗಳ ರೇಲಿಂಗ್ ನೋಡಲು ಚೆಂದ, ಮಕ್ಕಳಿಗೆ ಮಾತ್ರ ಅದು ಏಣಿ. ಹಿಡಿಯುವ ಪೈಪು 38ರಿಂದ 45 ಮಿ.ಮೀ. ವ್ಯಾಸವಿದ್ದರೆ ಮುಷ್ಟಿ ತುಂಬುತ್ತದೆ. ಗೋಡೆಗೆ ಹಾಕುವುದಾದರೆ ಗೋಡೆಗೂ ಪೈಪಿಗೂ 50 ಮಿ.ಮೀ. ಬಿಡಿ, ಗೆಣ್ಣು ತರಚಬಾರದು. ವಯಸ್ಸಾದವರಿದ್ದರೆ ಹಿಡಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲಿನಿಂದ 300 ಮಿ.ಮೀ. ಮುಂದಕ್ಕೆ ಒಯ್ಯಿರಿ. ಆಸರೆ ಹೆಚ್ಚು ಬೇಕಾಗುವುದು ಆ ಎರಡು ಕಡೆಯೇ.

ಪಕ್ಕದ ಮನೆಯ ರೇಲಿಂಗ್ ಅಲ್ಲಾಡಲು ಕಾರಣ ಬಹುಶಃ ಬೋಲ್ಟುಗಳು ಗ್ರಾನೈಟ್ ಮತ್ತು ಗಾರೆಯಲ್ಲೇ ನಿಂತಿರುವುದು. ಹಲವು ಮನೆಗಳಿಗೆ ಸೇರಿದ ಮೆಟ್ಟಿಲಿಗೆ, ಕಟ್ಟಡದ ಮೇಲಿನ ಭಾರಗಳ ಮಾನಕ ಐಎಸ್ 875ರ ಪ್ರಕಾರ, ರೇಲಿಂಗ್ ಮೀಟರಿಗೆ ಸುಮಾರು 75 ಕೆ.ಜಿ. ಅಡ್ಡ ತಳ್ಳನ್ನು ತಡೆಯಬೇಕು. ಮೀಟರಿಗೊಂದು ಕಂಬ, ಕಂಬದೆತ್ತರ 1 ಮೀಟರ್, ತಳದ ಪ್ಲೇಟಿನಲ್ಲಿ ಬೋಲ್ಟಿನಿಂದ ಬೋಲ್ಟಿಗೆ 75 ಮಿ.ಮೀ. ಎಂದರೆ ಹಿಂದಿನ ಎರಡು ಬೋಲ್ಟುಗಳ ಮೇಲೆ ಬೀಳುವ ಎಳೆತ ಒಂದು ಟನ್ನಿನಷ್ಟು! 40 ಮಿ.ಮೀ. ಹಾಸಿನಲ್ಲಿ ನಿಂತ ಬೋಲ್ಟ್ ಇದನ್ನು ತಡೆಯುವುದಿಲ್ಲ. ಬೋಲ್ಟ್ ಹಾಸನ್ನು ದಾಟಿ ಕಾಂಕ್ರೀಟಿನೊಳಗೆ ಹೋಗಬೇಕು, ಚಪ್ಪಡಿಯ ಅಂಚಿಗೆ ತೀರ ಹತ್ತಿರವಿರಬಾರದು, ಅಂಚು ಸೀಳುತ್ತದೆ. ಗ್ರಾನೈಟ್ ಹಾಕುವ ಮೊದಲೇ ಪ್ಲೇಟ್ ಕೂರಿಸಿ, ಕಲ್ಲನ್ನು ಅದರ ಸುತ್ತ ಕತ್ತರಿಸಿ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಇನ್ನು ಕಡಲ ಗಾಳಿಯ ಊರು ನಿಮ್ಮದು: ಹೊರಗಿನ ಮೆಟ್ಟಿಲಿಗೆ 316 ದರ್ಜೆಯ ಸ್ಟೀಲ್ ಕೇಳಿ, ಒಳಗೆ 304 ನಡೆದೀತು, 202 ಬೇಡ. ಮಳೆ ಬೀಳುವ ಮೆಟ್ಟಿಲಿಗೆ ಪಾಲಿಶ್ ಗ್ರಾನೈಟೂ ಬೇಡ, ಫ್ಲೇಮ್ಡ್ (ಬೆಂಕಿಯಿಂದ ಮೈ ಒರಟಾಗಿಸಿದ) ಗ್ರಾನೈಟ್ ಹಾಕಿಸಿ.

ಪ್ರಶ್ನೆ: ಕಲ್ಯಾಣ ಮಂಟಪದ ಊಟದ ಹಾಲ್ ಮೊದಲ ಮಹಡಿಯಲ್ಲಿದೆ. ಮನೆಯ ಅಳತೆಗಳೇ ಸಾಕೇ? (ಶಿವಮೊಗ್ಗ)

ಖಂಡಿತ ಸಾಲದು. ಜನ ಸೇರುವ ಕಟ್ಟಡಕ್ಕೆ ಮೆಟ್ಟಿಲಿನ ಅಗಲ 2 ಮೀಟರ್. 150ಕ್ಕಿಂತ ಕಡಿಮೆ ಜನರ ಹಾಲ್ ಆದರೆ 1.5 ಮೀಟರ್. ರೈಸರ್ 150 ಮೀರಬಾರದು, ಟ್ರೆಡ್ 300ಕ್ಕೆ ಕಡಿಮೆ ಬೇಡ. ಮಹಡಿಯ ವಿಸ್ತೀರ್ಣ 500 ಚದರ ಮೀಟರ್ ಮೀರಿದರೆ, ಅಥವಾ ಕಟ್ಟಡ 15 ಮೀಟರ್ ಎತ್ತರ ಮುಟ್ಟಿದರೆ ಕನಿಷ್ಠ ಎರಡು ಮೆಟ್ಟಿಲು ಬೇಕು, ಅವೂ ಒಂದರಿಂದೊಂದು ದೂರದಲ್ಲಿ. ಹಾಲಿನ ಬಾಗಿಲು ಹೊರಕ್ಕೆ ತೆರೆಯಬೇಕು, ತೆರೆದ ಕೂಡಲೇ ಮೆಟ್ಟಿಲು ಸಿಗಬಾರದು. ನಡುವೆ ಕನಿಷ್ಠ ಬಾಗಿಲಿನಗಲದ ಲ್ಯಾಂಡಿಂಗ್ ಇರಲಿ. ಎರಡನೆಯ ಮೆಟ್ಟಿಲಿಗೆ ಬೀಗ ಜಡಿದು ಅಲ್ಲಿ ಬಾಳೆಎಲೆ ಕಟ್ಟು, ಮಡಚುವ ಕುರ್ಚಿ ಪೇರಿಸುವ ರೂಢಿ ಹಲವೆಡೆ ಇದೆ. ನೂರಾರು ಜನ ಒಮ್ಮೆಗೇ ಓಡಬೇಕಾಗಿ ಬಂದ ದಿನ ಆ ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಹುಡುಕಲು ಹೊತ್ತಿರುವುದಿಲ್ಲ.

ಪ್ರಶ್ನೆ: ಹಿತ್ತಿಲಿಗಿಳಿಯಲು ಮರದ ಮೆಟ್ಟಿಲು ಮಾಡಿಸಿದೆವು. ಇನ್‌ಸ್ಪೆಕ್ಟರ್ ರೈಸರ್ ಸಮವಿಲ್ಲ, ಹ್ಯಾಂಡ್‌ರೈಲ್ ಹಿಡಿಯಲು ಬರುವಂತಿಲ್ಲ ಎಂದು ಫೇಲ್ ಮಾಡಿದ್ದಾರೆ. (ಟೆಕ್ಸಸ್, ಅಮೆರಿಕ)

ಅಲ್ಲಿನ ನಗರಗಳು ಹೆಚ್ಚಾಗಿ ಅಳವಡಿಸಿಕೊಂಡಿರುವುದು ಅಂತರರಾಷ್ಟ್ರೀಯ ವಸತಿ ಸಂಹಿತೆ, ಅಂದರೆ ಐಆರ್‌ಸಿ. ನಿಮ್ಮ ನಗರದ ತಿದ್ದುಪಡಿಗಳನ್ನೂ ಕೇಳಿಕೊಳ್ಳಿ. ಅದರಲ್ಲಿ ರೈಸರ್ ಗರಿಷ್ಠ ಏಳೂಮುಕ್ಕಾಲು ಇಂಚು, ಟ್ರೆಡ್ ಕನಿಷ್ಠ 10 ಇಂಚು, ಅಗಲ 36 ಇಂಚು. ಒಂದು ಓಟದ ಅತಿ ಎತ್ತರದ ರೈಸರಿಗೂ ಅತಿ ತಗ್ಗಿನದಕ್ಕೂ ಇಂಚಿನ ಎಂಟನೇ ಮೂರು ಭಾಗಕ್ಕಿಂತ, ಅಂದರೆ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಒಪ್ಪುವುದಿಲ್ಲ. ಮರದ ಮೆಟ್ಟಿಲಿನಲ್ಲಿ ಈ ತಪ್ಪು ಬರುವುದು ಹೀಗೆ: ಹಲ್ಲು ಕತ್ತರಿಸಿದ ಪಕ್ಕದ ಹಲಗೆಯ ಬುಡದಲ್ಲಿ ಟ್ರೆಡ್ಡಿನ ದಪ್ಪವನ್ನು ಕಳೆಯಲು ಮರೆಯುತ್ತಾರೆ. ಒಂದೂವರೆ ಇಂಚಿನ ಟ್ರೆಡ್ ಹೊಡೆದ ಮೇಲೆ ಮೊದಲ ರೈಸರ್ ಅಷ್ಟೇ ಹೆಚ್ಚುತ್ತದೆ, ಕೊನೆಯದು ಅಷ್ಟೇ ಕಡಿಮೆಯಾಗುತ್ತದೆ. ಹಲಗೆಯ ಬುಡವನ್ನು ಒಂದೂವರೆ ಇಂಚು ಕೊಯ್ದು ಇಳಿಸಿ, ಮೇಲುಗಡೆಯ ಜೋಡಣೆಯನ್ನೂ ಅಷ್ಟೇ ಇಳಿಸಿ ಹೊಸದಾಗಿ ಕಟ್ಟಿದರೆ ಎರಡೂ ಸರಿಹೋಗುತ್ತವೆ.

ಹ್ಯಾಂಡ್‌ರೈಲ್ ವಿಷಯದಲ್ಲಿ, ಅಗಲ ಹಲಗೆಯನ್ನು ಮಟ್ಟಸವಾಗಿ ಮಲಗಿಸಿದರೆ ಕೈ ಊರಬಹುದು, ಹಿಡಿಯಲಾಗುವುದಿಲ್ಲ. ದುಂಡಗಿನದಾದರೆ ಒಂದೂಕಾಲರಿಂದ 2 ಇಂಚು ವ್ಯಾಸ ಬೇಕು. ನಾಲ್ಕು ಅಥವಾ ಹೆಚ್ಚು ರೈಸರ್ ಇದ್ದರೆ ಕನಿಷ್ಠ ಒಂದು ಬದಿಗೆ ಕಡ್ಡಾಯ, ಎತ್ತರ 34ರಿಂದ 38 ಇಂಚು. ಈಗಿರುವ ಹಲಗೆಯನ್ನು ಕೀಳಬೇಕಾಗಿಲ್ಲ. ಅದರ ಒಳಬದಿಗೆ ಬ್ರಾಕೆಟ್ ಹೊಡೆದು ದುಂಡು ರೈಲ್ ಕೂರಿಸಿ, ನಡುವೆ ಒಂದೂವರೆ ಇಂಚು ಬಿಡಿ, ಎರಡೂ ತುದಿಗಳನ್ನು ಕಂಬಕ್ಕೆ ತಿರುಗಿಸಿ ಮುಗಿಸಿ. ಬಿಟ್ಟ ತುದಿಗೆ ಬಟ್ಟೆಯ ತೋಳು ಸಿಕ್ಕಿಕೊಂಡು ಬೀಳುವುದುಂಟು, ಅದಕ್ಕೇ ಆ ನಿಯಮ.